ಮಕ್ಕಳ ಗುಟ್ಟಿನ ಭಾಷೆ: ‘ಪ’ ಭಾಷೆಯನ್ನು ಕಲಿಯುವ, ಕಲಿಸುವ ಮತ್ತು ಹೊಸದನ್ನು ಕಟ್ಟುವ ಬಗೆ

ದೊಡ್ಡವರ ಎದುರಿನಲ್ಲೇ ಒಂದು ಮಗು ಇನ್ನೊಂದು ಮಗುವಿಗೆ “ಕನಾಕಳೆ ಕಬಾ” ಎಂದು ಹೇಳಿ ನಗುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ, ಹಲವರು ಸ್ವತಃ ಆಡಿಯೂ ಇದ್ದೇವೆ. ಅದು ‘ನಾಳೆ ಬಾ’ ಎಂಬ ಮಾತು. ಪ್ರತಿ ಅಕ್ಷರದ ಮುಂದೆ ಒಂದು ‘ಕ’ ಬಂದು ನಿಂತಿದೆ, ಅಷ್ಟೇ. ಕನ್ನಡದ ಪದಗಳು, ವಿಭಕ್ತಿಗಳು, ಕ್ರಿಯಾಪದಗಳು, ವಾಕ್ಯದ ಕ್ರಮ ಯಾವುದೂ ಇದರಲ್ಲಿ ಬದಲಾಗುವುದಿಲ್ಲವಾದ್ದರಿಂದ ಇದನ್ನು ಬೇರೆಯೇ ಭಾಷೆ ಎನ್ನುವುದಕ್ಕಿಂತ ಕನ್ನಡಕ್ಕೆ ತೊಡಿಸಿದ ಮುಸುಕು ಎನ್ನುವುದು ಸರಿ. ತಮಿಳು ಮಕ್ಕಳೂ ಇದೇ ಬಗೆಯ ‘ಕ’ ಭಾಷೆಯನ್ನು ಆಡುತ್ತಾರೆ. ಸ್ಪ್ಯಾನಿಷ್ ಮಾತಾಡುವ ನಾಡುಗಳ ಮಕ್ಕಳು ಪ್ರತಿ ಸ್ವರದ ಹಿಂದೆ ‘ಪ’ಕಾರವನ್ನು ಸೇರಿಸಿ, ‘ಓಲಾ’ ಎಂಬ ನಮಸ್ಕಾರವನ್ನು ‘ಓಪೊಲಾಪಾ’ ಎಂದು ಮಾಡಿಕೊಳ್ಳುತ್ತಾರೆ.

ಈ ಮಾರ್ಗದರ್ಶಿಯಲ್ಲಿ ‘ಪ’ ಭಾಷೆಯನ್ನು ವಿವರವಾಗಿಯೂ, ‘ಕ’ ಭಾಷೆ ಹಾಗೂ ಪದವನ್ನು ಹಿಂದುಮುಂದಾಗಿ ಹೇಳುವ ತಿರುಗು ಭಾಷೆಗಳನ್ನು ಅದರ ಜೊತೆಗಿಟ್ಟು ಸಂಕ್ಷೇಪವಾಗಿಯೂ ಹೇಳಲಾಗಿದೆ. ಇಂಥ ಆಟಗಳ ವಿವರಣೆ ಸಾಮಾನ್ಯವಾಗಿ ‘ಪ್ರತಿ ಅಕ್ಷರಕ್ಕೂ ಒಂದು ಪ ಸೇರಿಸಿ’ ಎಂಬ ಒಂದೇ ಸಾಲಿನಲ್ಲಿ ಮುಗಿದುಬಿಡುತ್ತದೆ. ಆದರೆ ‘ಅಕ್ಕ’ ಎಂಬ ಮೊದಲ ಪದಕ್ಕೆ ಬಂದಾಗಲೇ ಮಗು ತಡವರಿಸುತ್ತದೆ: ಇಲ್ಲಿ ಪ ಎಲ್ಲಿ ಬರಬೇಕು, ಒತ್ತಕ್ಷರಕ್ಕೆ ಮೊದಲೋ ನಂತರವೋ? ಈ ಪ್ರಶ್ನೆಗೆ ಗಟ್ಟಿಯಾದ ಉತ್ತರವಿಲ್ಲದ ಗುಟ್ಟಿನ ಭಾಷೆ ಎರಡೇ ದಿನದಲ್ಲಿ ಬಿದ್ದುಹೋಗುತ್ತದೆ.

ಮೊದಲ ಹೆಜ್ಜೆ: ಚಪ್ಪಾಳೆಯಿಂದ ಎಣಿಸುವುದು

ಪುಸ್ತಕ, ಹಲಗೆ, ಕಾಗದ ಯಾವುದನ್ನೂ ತೆಗೆದುಕೊಳ್ಳದೆ ಶುರುಮಾಡಬೇಕು. ಮಗುವಿಗೆ ಅದರ ಹೆಸರನ್ನೇ ನಿಧಾನವಾಗಿ ಹೇಳಲು ತಿಳಿಸಿ, ಒಂದೊಂದು ತುಂಡಿಗೂ ಒಂದೊಂದು ಚಪ್ಪಾಳೆ ತಟ್ಟಿಸಬೇಕು. ‘ಕಮಲ’ಕ್ಕೆ ಮೂರು, ‘ಅಕ್ಕ’ನಿಗೆ ಎರಡು, ‘ಕರ್ನಾಟಕ’ಕ್ಕೆ ನಾಲ್ಕು, ‘ಬಸ್’ ಎಂಬುದಕ್ಕೆ ಒಂದೇ ಚಪ್ಪಾಳೆ. ಪದದಲ್ಲಿ ಎಷ್ಟು ಸ್ವರಗಳಿವೆಯೋ ಅಷ್ಟೇ ಚಪ್ಪಾಳೆಗಳು ಬರುತ್ತವೆ ಎಂಬುದನ್ನು ಮಗು ತಾನಾಗಿಯೇ ಕಂಡುಕೊಳ್ಳುವ ತನಕ ಇದನ್ನು ಆಡಿಸಬೇಕು. ಇದು ನಾಲ್ಕಾರು ನಿಮಿಷದ ಕೆಲಸವೆನಿಸಿದರೂ ಬಿಟ್ಟು ಮುಂದೆ ಹೋಗಬಾರದು, ಏಕೆಂದರೆ ಮುಂದಿನ ಎಲ್ಲ ಹೆಜ್ಜೆಗಳೂ ಈ ಎಣಿಕೆಯ ಮೇಲೆಯೇ ನಿಂತಿವೆ.

ಎರಡನೆಯ ಹೆಜ್ಜೆ: ಸ್ವರದ ಬೆನ್ನಿಗೇ ‘ಪ’

ನಿಯಮ ಒಂದೇ. ಪ್ರತಿ ಸ್ವರವನ್ನು ಉಚ್ಚರಿಸಿದ ಕೂಡಲೇ, ಮುಂದಿನ ವ್ಯಂಜನಕ್ಕೆ ಹೋಗುವ ಮೊದಲು, ಒಂದು ಪಕಾರವನ್ನು ಅದೇ ಸ್ವರದೊಂದಿಗೆ ಸೇರಿಸಬೇಕು. ‘ಅ’ ಬಂದರೆ ‘ಪ’, ‘ಇ’ ಬಂದರೆ ‘ಪಿ’, ‘ಉ’ ಬಂದರೆ ‘ಪು’, ‘ಎ’ ಬಂದರೆ ‘ಪೆ’, ‘ಒ’ ಬಂದರೆ ‘ಪೊ’. ‘ಮರ’ ಎಂಬುದು ‘ಮಪರಪ’ ಆಗುತ್ತದೆ, ‘ಇಲಿ’ ‘ಇಪಿಲಿಪಿ’ ಆಗುತ್ತದೆ, ‘ಹುಡುಗಿ’ ‘ಹುಪುಡುಪುಗಿಪಿ’ ಆಗುತ್ತದೆ. ಕಾಗುಣಿತವನ್ನು ಶಾಲೆಯಲ್ಲಿ ಕಲಿತ ಮಗುವಿಗೆ ಇದು ಪಕಾರದ ಕಾಗುಣಿತವನ್ನೇ ಬೇರೆ ಪದಗಳ ನಡುವೆ ಪೋಣಿಸಿದಂತೆ ಕಾಣುತ್ತದೆ.

ದೀರ್ಘ ಸ್ವರ ಬಂದಾಗ ಎರಡು ದಾರಿಗಳಿವೆ. ‘ನಾಳೆ’ ಎಂಬುದನ್ನು ‘ನಾಪಾಳೆಪೆ’ ಎನ್ನಬಹುದು, ಅಥವಾ ‘ನಾಪಳೆಪೆ’ ಎನ್ನಬಹುದು. ಎರಡನೆಯದನ್ನೇ ಆರಿಸಿಕೊಳ್ಳಿರೆಂದು ನನ್ನ ಸಲಹೆ. ಮೂಲದ ಅಕ್ಷರ ದೀರ್ಘವಾಗಿಯೇ ಉಳಿದು, ಸೇರಿಸಿದ ಅಕ್ಷರ ಮಾತ್ರ ಹ್ರಸ್ವವಾದರೆ ಮಾತಿನ ಓಟ ಕೆಡುವುದಿಲ್ಲ, ಅರ್ಥವೂ ಕಳೆದುಹೋಗುವುದಿಲ್ಲ. ಕೈಗೆ ತೊಡುವ ‘ಬಳೆ’ ‘ಬಪಳೆಪೆ’ ಆಗುತ್ತದೆ, ತಿನ್ನುವ ‘ಬಾಳೆ’ ‘ಬಾಪಳೆಪೆ’ ಆಗುತ್ತದೆ, ಕೇಳುವವರಿಗೆ ಗೊಂದಲವಿಲ್ಲ. ಐ ಮತ್ತು ಔ ಸ್ವರಗಳಿಗೆ ಹ್ರಸ್ವ ರೂಪವಿಲ್ಲದ ಕಾರಣ ಅವನ್ನು ಪೂರ್ತಿಯಾಗಿಯೇ ಮರಳಿಸಬೇಕು: ಮೈಸೂರು ‘ಮೈಪೈಸೂಪುರುಪು’ ಆಗುತ್ತದೆ. ‘ಕೃಷ್ಣ’ ಎಂಬ ಹೆಸರು ಬಂದಾಗ ಬರಹವನ್ನು ಮರೆತು ನಾಲಿಗೆಯನ್ನು ನಂಬಬೇಕು. ನಮ್ಮಲ್ಲಿ ಹೆಚ್ಚಿನವರು ಅದನ್ನು ‘ಕ್ರುಷ್ಣ’ ಎಂದು ಉಚ್ಚರಿಸುವುದರಿಂದ ‘ಕೃಪುಷ್ಣಪ’ ಎನ್ನುವುದು ಸಹಜ.

ಮೂರನೆಯ ಹೆಜ್ಜೆ: ಒತ್ತಕ್ಷರ ಮತ್ತು ಅನುಸ್ವಾರ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದು. ‘ಅಕ್ಕ’ ಎಂಬ ಪದವನ್ನು ಬರೆಯುವ ಕೈ ‘ಅ’ ಮತ್ತು ‘ಕ್ಕ’ ಎಂದು ಒಡೆಯುತ್ತದೆ. ಕೇಳುವ ಕಿವಿಯಾದರೋ ‘ಅಕ್’ ಮತ್ತು ‘ಕ’ ಎಂದು ಒಡೆಯುತ್ತದೆ. ಎರಡೂ ಎರಡೇ ತುಂಡುಗಳು, ಆದರೆ ಸೀಳುವ ಜಾಗ ಬೇರೆ. ಕಿವಿಯ ದಾರಿ ಹಿಡಿದರೆ ‘ಅಕ್ಪಕಪ’ ಎನ್ನಬೇಕಾಗುತ್ತದೆ, ಅಲ್ಲಿ ಕಕಾರದಿಂದ ಪಕಾರಕ್ಕೆ ನೇರವಾಗಿ ಹಾರುವುದು ಎಳೆಯ ನಾಲಿಗೆಗೆ ಕಷ್ಟ. ‘ಹಳ್ಳಿ’ಯನ್ನು ‘ಹಳ್ಪಳಿಪಿ’ ಎಂದು ವೇಗವಾಗಿ ಹೇಳಿ ನೋಡಿದರೆ ಈ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಕೈಯ ದಾರಿಯಲ್ಲಿ ‘ಅಪಕ್ಕಪ’, ‘ಹಪಳ್ಳಿಪಿ’ ಎಂದಾಗುತ್ತದೆ. ಇದು ನೀರಿನಂತೆ ಹರಿಯುತ್ತದೆ, ಏಕೆಂದರೆ ಒತ್ತಕ್ಷರದ ಭಾರವನ್ನು ಈಗ ನಡುವೆ ಬಂದ ‘ಪ’ ಹೊರುತ್ತದೆ. ಛಂದಸ್ಸಿನ ಪಾಠ ಓದುತ್ತಿರುವ ಮಕ್ಕಳಿಗೆ ಇದನ್ನು ತೋರಿಸಿಕೊಡಬಹುದು: ‘ಅಕ್ಕ’ದಲ್ಲಿ ಒತ್ತಕ್ಷರಕ್ಕೆ ಮೊದಲು ಬರುವ ‘ಅ’ ಗುರು, ‘ಅಪಕ್ಕಪ’ದಲ್ಲಿ ಅದೇ ‘ಅ’ ಲಘುವಾಗಿ ಗುರುತ್ವವು ‘ಪ’ಕ್ಕೆ ಹೋಗಿದೆ.

ಅನುಸ್ವಾರದಲ್ಲಿ ಕೈ ದಾರಿ ತಪ್ಪಿಸುತ್ತದೆ. ‘ಮಂಗ’ ಎಂದು ಬರೆಯುವಾಗ ಸೊನ್ನೆಯು ‘ಮ’ಕ್ಕೆ ಅಂಟಿಕೊಂಡಿರುವುದರಿಂದ, ಓದು ಬರಹ ಕಲಿತ ಮಗು ‘ಮಂಪಗಪ’ ಎನ್ನಲು ಮುಂದಾಗುತ್ತದೆ. ಇದು ತಪ್ಪೇನಲ್ಲ, ಆದರೆ ಅನುಸ್ವಾರವು ತನ್ನ ಮುಂದಿನ ವರ್ಗದ ಅನುನಾಸಿಕವಾಗಿ ಉಚ್ಚಾರವಾಗುವುದರಿಂದ ‘ಮಂಗ’ದ ಙಕಾರವು ‘ಮಂಪ’ದಲ್ಲಿ ಮಕಾರವಾಗಿ ಬದಲಾಗುತ್ತದೆ. ‘ಸ್ವರದ ಬೆನ್ನಿಗೇ ಪ’ ಎಂಬ ನಮ್ಮ ನಿಯಮವನ್ನು ಹಾಗೆಯೇ ಪಾಲಿಸಿದರೆ ‘ಮಪಂಗಪ’ ಎಂದಾಗಿ, ಅನುಸ್ವಾರವು ಗಕಾರದ ಪಕ್ಕದಲ್ಲೇ ಉಳಿದು ತನ್ನ ನಿಜವಾದ ದನಿಯನ್ನು ಉಳಿಸಿಕೊಳ್ಳುತ್ತದೆ. ಜಪಾನಿನ ಮಕ್ಕಳು ಆಡುವ ‘ಬಬಿಗೊ’ ಎಂಬ ಆಟದಲ್ಲಿ ಪ್ರತಿ ತುಂಡಿನ ಹಿಂದೆಯೂ ಬಕಾರ ಬರುತ್ತದೆ. ಅಲ್ಲಿ ಅನುನಾಸಿಕವನ್ನೇ ಒಂದು ಸ್ವತಂತ್ರ ತುಂಡೆಂದು ಎಣಿಸಿ ಅದರ ಹಿಂದೆಯೂ ‘ಬು’ ಎಂದು ಸೇರಿಸುತ್ತಾರೆ. ಹೀಗಾಗಿ ‘ಕೊನ್ನಿಚಿವ’ ಎಂಬ ಅವರ ನಮಸ್ಕಾರವು ‘ಕೊಬೊನ್ಬುನಿಬಿಚಿಬಿವಬ’ ಆಗುತ್ತದೆ. ಒಂದೊಂದು ನುಡಿಯೂ ತನ್ನೊಳಗಿನ ಲೆಕ್ಕವನ್ನು ಮಕ್ಕಳ ಆಟದಲ್ಲಿ ಹೀಗೆ ಬಿಟ್ಟುಕೊಡುವುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ರೇಫ, ಸಜಾತೀಯ ಒತ್ತು, ವಿಜಾತೀಯ ಒತ್ತು, ಪದದ ಕೊನೆಯ ವ್ಯಂಜನ ಎಲ್ಲಕ್ಕೂ ಇದೇ ನಿಯಮ ಸಾಕು. ‘ಕರ್ನಾಟಕ’ ‘ಕಪರ್ನಾಪಟಪಕಪ’ ಆಗುತ್ತದೆ, ‘ಪ್ರೀತಿ’ ‘ಪ್ರೀಪಿತಿಪಿ’ ಆಗುತ್ತದೆ, ‘ಬಸ್’ ‘ಬಪಸ್’ ಆಗುತ್ತದೆ. ‘ಇಸ್ಕೂಲು’ ಎನ್ನುವ ರೂಢಿಯ ಮಗು ‘ಇಪಿಸ್ಕೂಪುಲುಪು’ ಎಂದರೆ ಅದನ್ನು ತಿದ್ದಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಕೇಳಿ ಅರ್ಥ ಮಾಡಿಕೊಳ್ಳುವುದು

ಆಡುವುದಕ್ಕಿಂತ ಕೇಳುವುದು ಕಷ್ಟ. ಹೊಸದಾಗಿ ಕಲಿಯುವವರು ಮಾತಿನಲ್ಲಿ ಬರುವ ಪಕಾರಗಳನ್ನು ಹುಡುಕಿ ಹುಡುಕಿ ಕಿತ್ತೆಸೆಯಲು ಯತ್ನಿಸುತ್ತಾರೆ, ಮತ್ತು ‘ಅಪ್ಪ’, ‘ಉಪ್ಪು’, ‘ದೀಪ’ ಎಂಬ ಪದಗಳು ಬಂದಾಗ ನಿಜವಾದ ಪಕಾರವನ್ನೂ ಕಿತ್ತು ದಾರಿ ತಪ್ಪುತ್ತಾರೆ. ಕೇಳಬೇಕಾದದ್ದು ಪಕಾರವನ್ನಲ್ಲ, ತಾಳವನ್ನು. ಈ ಭಾಷೆಯಲ್ಲಿ ಒಂದು, ಮೂರು, ಐದನೆಯ ತುಂಡುಗಳು ಯಾವಾಗಲೂ ನಿಜವಾದವು. ಎರಡು, ನಾಲ್ಕು, ಆರನೆಯವು ಯಾವಾಗಲೂ ಸೇರಿಸಿದವು. ‘ಅಪಪ್ಪಪ’ ಎಂದು ಕೇಳಿದಾಗ ಮೊದಲನೆಯ ‘ಅ’ ಮತ್ತು ಮೂರನೆಯ ‘ಪ್ಪ’ ಮಾತ್ರ ಉಳಿದು ‘ಅಪ್ಪ’ ಸಿಗುತ್ತಾನೆ. ‘ಪಾಪಪಪ’ ಎಂಬ ವಿಚಿತ್ರ ಸಾಲೂ ಇದೇ ಎಣಿಕೆಯಲ್ಲಿ ‘ಪಾಪ’ ಎಂದು ತಪ್ಪದೆ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಕಲಿಕೆಯ ಮೊದಲ ವಾರದಲ್ಲಿ ಆಡುವವರು ನಿಜವಾದ ಅಕ್ಷರವನ್ನು ಸ್ವಲ್ಪ ಒತ್ತಿ, ಸೇರಿಸಿದ ಅಕ್ಷರವನ್ನು ಸ್ವಲ್ಪ ತೇಲಿಸಿ ಹೇಳಬೇಕು.

ಸೇರಿಸುವ ಅಕ್ಷರವಾಗಿ ಪಕಾರವೇ ಕನ್ನಡಕ್ಕೆ ಚೆನ್ನಾಗಿ ಒಗ್ಗುವುದಕ್ಕೆ ನಮ್ಮ ನುಡಿಯ ಇತಿಹಾಸದಲ್ಲೇ ಕಾರಣವಿದೆ ಎಂದು ನಾನು ನಂಬಿದ್ದೇನೆ. ಹಳಗನ್ನಡದ ‘ಪಾಲ್’, ‘ಪುಲಿ’, ‘ಪೆಸರ್’, ‘ಪತ್ತು’ ಎಂಬ ಪದಗಳು ಮುಂದೆ ‘ಹಾಲು’, ‘ಹುಲಿ’, ‘ಹೆಸರು’, ‘ಹತ್ತು’ ಆದವು. ಅಚ್ಚಗನ್ನಡ ಪದಗಳ ಮೊದಲಿನಿಂದ ಪಕಾರವು ಹೀಗೆ ಬಹುಮಟ್ಟಿಗೆ ಸರಿದುಹೋದದ್ದರಿಂದ, ಮಾತಿನ ನಡುವೆ ಅದು ಮತ್ತೆ ಮತ್ತೆ ಬಂದಾಗ ಹೊರಗಿನಿಂದ ಬಂದದ್ದೆಂದು ಕಿವಿಗೆ ಥಟ್ಟನೆ ತಿಳಿಯುತ್ತದೆ. ‘ಲ’ ಅಥವಾ ‘ದ’ವನ್ನು ಸೇರಿಸಿ ನೋಡಿದರೆ, ‘ಅಲ್ಲಿ’, ‘ಇದೆ’, ‘ಅದು’ ಮುಂತಾದ ರೂಪಗಳು ಹೆಜ್ಜೆಹೆಜ್ಜೆಗೂ ಇರುವ ಭಾಷೆಯಲ್ಲಿ ಕಿವಿ ಬೇಗ ಸೋಲುತ್ತದೆ.

ಐದನೆಯ ಹೆಜ್ಜೆ: ಅಭ್ಯಾಸ

ಒಂದರಿಂದ ಹತ್ತರವರೆಗಿನ ಎಣಿಕೆ ಅತ್ಯುತ್ತಮ ಅಭ್ಯಾಸ, ಏಕೆಂದರೆ ಮೇಲೆ ಹೇಳಿದ ಹೆಚ್ಚಿನ ತೊಡಕುಗಳು ಅದರಲ್ಲಿ ಒಮ್ಮೆಯಾದರೂ ಬರುತ್ತವೆ: ಒಪೊಂದುಪು, ಎಪೆರಪಡುಪು, ಮೂಪುರುಪು, ನಾಪಲ್ಕುಪು, ಐಪೈದುಪು, ಆಪರುಪು, ಏಪೆಳುಪು, ಎಪೆಂಟುಪು, ಒಪೊಂಬಪತ್ತುಪು, ಹಪತ್ತುಪು. ಇದು ತಡೆಯಿಲ್ಲದೆ ಬಂದ ಮೇಲೆ ಮನೆಯವರ ಹೆಸರುಗಳು, ಊರುಗಳ ಹೆಸರುಗಳು, ಅನಂತರ ಸಣ್ಣ ವಾಕ್ಯಗಳು. “ಅಪಜ್ಜಿಪಿ ಡಪಬ್ಬಪದಪಲ್ಲಿಪಿ ಚಪಕ್ಕುಪುಲಿಪಿ ಇಪಿಟ್ಟಿಪಿದ್ದಾಪರೆಪೆ” ಎಂಬ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ಮತ್ತು ಕೇಳಿದ ಕೂಡಲೇ ಡಬ್ಬದ ಕಡೆ ನೋಡಬಲ್ಲ ಮಕ್ಕಳಿಗೆ ಭಾಷೆ ಬಂದಿದೆ ಎಂದು ತಿಳಿಯಬಹುದು.

ವಾಕ್ಯಗಳಿಗೆ ಬಂದಾಗ ಒಂದು ವಿಷಯವನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಪುಸ್ತಕದ ಕನ್ನಡದಲ್ಲಿ ಆಡಬೇಕೇ, ಮನೆಯ ಕನ್ನಡದಲ್ಲಿ ಆಡಬೇಕೇ? ಮನೆಯ ಕನ್ನಡದಲ್ಲಿಯೇ ಆಡಬೇಕು. ‘ಬರುತ್ತೀಯಾ’ ಎಂದು ಯಾವ ಮಗುವೂ ಗೆಳೆಯನನ್ನು ಕೇಳುವುದಿಲ್ಲ. ‘ಬರ್ತೀಯಾ’ ಎನ್ನುವ ಮಗುವಿಗೆ ‘ಬಪರ್ತೀಪಿಯಾಪ’ ಸಹಜ, ಧಾರವಾಡದ ಕಡೆಯ ‘ಏನ್ ಮಾಡಾಕತ್ತಿ’ ಎಂಬ ಮಾತಿಗೆ ‘ಏಪೆನ್ ಮಾಪಡಾಪಕಪತ್ತಿಪಿ’ ಸಹಜ. ಬೇರೆ ಬೇರೆ ಸೀಮೆಯ ಮಕ್ಕಳು ಒಟ್ಟಿಗೆ ಸೇರಿದಾಗ ಕೆಲವು ಪದಗಳು ಹೊಂದಲಾರವು, ಆಗ ಒಬ್ಬರ ರೂಪವನ್ನು ಇನ್ನೊಬ್ಬರು ಕಲಿಯುತ್ತಾರೆ. ಅದೂ ಈ ಆಟದ ಒಂದು ಲಾಭವೇ.

ಕನ್ನಡವನ್ನು ಮನೆಯಲ್ಲಿ ಮಾತ್ರ ಕೇಳುತ್ತಾ ಹೊರನಾಡಿನಲ್ಲಿಯೋ ಹೊರದೇಶದಲ್ಲಿಯೋ ಬೆಳೆಯುತ್ತಿರುವ ಮಕ್ಕಳಿಗೆ ಈ ಆಟವನ್ನು ವಿಶೇಷವಾಗಿ ಕಲಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಇದಕ್ಕೆ ಲಿಪಿ ಬೇಕಾಗಿಲ್ಲ, ಪಠ್ಯಪುಸ್ತಕ ಬೇಕಾಗಿಲ್ಲ. ಗೋಡೆಯ ಮೇಲಿನ ‘ಹಲ್ಲಿ’ಗೂ ನಾವು ಹುಟ್ಟಿದ ‘ಹಳ್ಳಿ’ಗೂ ಇರುವ ವ್ಯತ್ಯಾಸವನ್ನು ಎಷ್ಟು ಸಲ ತಿದ್ದಿದರೂ ಹಿಡಿಯದ ಮಗು, ‘ಹಪಲ್ಲಿಪಿ’ ಮತ್ತು ‘ಹಪಳ್ಳಿಪಿ’ಗಳನ್ನು ನಿಧಾನವಾಗಿ ಬಿಡಿಸಿ ಹೇಳುವಾಗ ತಾನೇ ನಿಂತು ನಾಲಿಗೆಯನ್ನು ಮಡಚುತ್ತದೆ. ‘ಅಕ್ಕಿ’ ಮತ್ತು ‘ಹಕ್ಕಿ’, ‘ಹಾಲು’ ಮತ್ತು ‘ಹಾಳು’ ಜೋಡಿಗಳಿಗೂ ಇದನ್ನೇ ಮಾಡಬಹುದು. ಪಾಠವೆಂದು ಹೇಳದೆ ಆಟವಾಗಿಯೇ ಉಳಿಸಿಕೊಳ್ಳುವುದು ಮುಖ್ಯ.

‘ಕ’ ಭಾಷೆ: ಮುಂದೆ ಸೇರಿಸುವ ದಾರಿ

‘ಪ’ ಭಾಷೆ ಬಂದವರಿಗೆ ‘ಕ’ ಭಾಷೆ ಒಂದು ಮಧ್ಯಾಹ್ನದ ಕೆಲಸ. ಇಲ್ಲಿ ಸೇರಿಸಿದ ತುಂಡು ಮೊದಲು, ನಿಜವಾದ ತುಂಡು ನಂತರ. ಸ್ವರವನ್ನು ಮರಳಿಸುವ ಕೆಲಸವೂ ಇಲ್ಲ. ‘ಚಕ್ಕುಲಿ’ ‘ಕಚಕಕ್ಕುಕಲಿ’ ಆಗುತ್ತದೆ. ತೊಡಕು ಬರುವುದು ಸ್ವರದಿಂದ ಮೊದಲಾಗುವ ಪದಗಳಲ್ಲಿ ಮಾತ್ರ. ‘ಇಲಿ’ಯ ಮುಂದೆ ‘ಕ’ ಇಟ್ಟರೆ ‘ಕ’ ಮತ್ತು ‘ಇ’ ಎಂಬ ಎರಡು ಸ್ವರಗಳು ಎದುರಾಗುತ್ತವೆ, ಇದನ್ನು ಕನ್ನಡದ ನಾಲಿಗೆ ಸಹಿಸುವುದಿಲ್ಲ. ಇಂಥಲ್ಲಿ ನಮ್ಮ ವ್ಯಾಕರಣದಲ್ಲಿ ಲೋಪ ಮತ್ತು ಆಗಮ ಎಂಬ ಎರಡು ಸಂಧಿಗಳಿವೆ. ಲೋಪ ಮಾಡಿದರೆ ‘ಕಿಕಲಿ’ ಎಂದಾಗಿ ಮೊದಲ ತುಂಡೇ ಮಾಯವಾಗುತ್ತದೆ, ಕೇಳುವವರಿಗೆ ಅದು ಮರಳಿ ಸಿಗುವುದಿಲ್ಲ. ಆಗಮ ಮಾಡಿದರೆ ‘ಕಯಿಕಲಿ’ ಎಂದಾಗುತ್ತದೆ, ಏನೂ ಕಳೆಯುವುದಿಲ್ಲ. ‘ಊರು’ ಹೀಗೆಯೇ ‘ಕವೂಕರು’ ಆಗುತ್ತದೆ. ‘ಎಲೆ’ಯನ್ನು ‘ಯೆಲೆ’ ಎಂದೂ ‘ಒಲೆ’ಯನ್ನು ‘ವೊಲೆ’ ಎಂದೂ ಉಚ್ಚರಿಸುವ ನಮ್ಮ ಮಕ್ಕಳ ಬಾಯಲ್ಲಿ ಈ ಯಕಾರ ವಕಾರಗಳು ಮೊದಲೇ ಸಿದ್ಧವಾಗಿರುವುದರಿಂದ, ಸಂಧಿಯ ಹೆಸರನ್ನೇ ಕೇಳಿರದ ಮಗುವೂ ಇಲ್ಲಿ ತಪ್ಪುವುದಿಲ್ಲ.

ತಿರುಗು ಭಾಷೆ

ಪದವನ್ನು ಹಿಂದಿನಿಂದ ಮುಂದಕ್ಕೆ ಹೇಳುವುದು ಇನ್ನೊಂದು ಬಗೆ. ಧಾರವಾಡ ‘ಡವಾರಧಾ’ ಆಗುತ್ತದೆ, ಮೈಸೂರು ‘ರುಸೂಮೈ’ ಆಗುತ್ತದೆ. ಫ್ರಾನ್ಸಿನ ಯುವಕರ ‘ವೆರ್ಲಾನ್’ ಎಂಬ ಆಡುನುಡಿ ಇದೇ ಜಾತಿಯದು. ಅದರ ಹೆಸರೇ ‘ತಿರುಗುಮುರುಗು’ ಎಂಬ ಅರ್ಥದ ‘ಲಾನ್ವೆರ್’ ಪದವನ್ನು ತಿರುಗಿಸಿ ಮಾಡಿದ್ದು.

ಒತ್ತಕ್ಷರದ ಪ್ರಶ್ನೆ ಇಲ್ಲಿ ಮತ್ತೆ ಏಳುತ್ತದೆ, ಆದರೆ ಈ ಸಲ ಉತ್ತರ ಬೇರೆ. ಕೈಯ ದಾರಿಯಲ್ಲಿ ‘ಹಳ್ಳಿ’ಯನ್ನು ತಿರುಗಿಸಿದರೆ ‘ಳ್ಳಿಹ’ ಎಂದಾಗುತ್ತದೆ, ಇದನ್ನು ಉಚ್ಚರಿಸಲು ಬರುವುದಿಲ್ಲ. ಕಿವಿಯ ದಾರಿಯಲ್ಲಿ ‘ಹಳ್’ ಮತ್ತು ‘ಳಿ’ ಎಂದು ಸೀಳಿದರೆ ‘ಳಿಹಳ್’ ಎಂದಾಗುತ್ತದೆ; ‘ಚಕ್ಕುಲಿ’ ‘ಲಿಕುಚಕ್’ ಆಗುತ್ತದೆ; ‘ಬೆಂಗಳೂರು’ ‘ರುಳೂಗಬೆಂ’ ಆಗುತ್ತದೆ. ‘ಪ’ ಭಾಷೆಯಲ್ಲಿ ಕೈಯನ್ನು ನಂಬಿದ ಮಗು ತಿರುಗು ಭಾಷೆಯಲ್ಲಿ ಕಿವಿಯನ್ನು ನಂಬಬೇಕು. ಒಂದೇ ಪದಕ್ಕೆ ಎರಡು ಕಡೆ ಕೀಲುಗಳಿವೆ ಎಂಬುದು ಮಗುವಿಗೆ ಇಲ್ಲಿ ಮೊದಲ ಬಾರಿಗೆ ತಿಳಿಯುತ್ತದೆ, ಮತ್ತು ಈ ತಿಳಿವಳಿಕೆಗಾಗಿಯೇ ನಾನು ಎರಡೂ ಆಟಗಳನ್ನು ಕಲಿಸಬೇಕೆನ್ನುತ್ತೇನೆ.

ತಿರುಗು ಭಾಷೆಗೆ ಎರಡು ದೌರ್ಬಲ್ಯಗಳಿವೆ. ‘ಗದಗ’, ‘ಕನಕ’, ‘ಕಿಟಕಿ’, ‘ನವಜೀವನ’, ‘ಸಮೋಸ’ ಎಂಬ ಪದಗಳು ಎಷ್ಟು ತಿರುಗಿಸಿದರೂ ಇದ್ದಂತೆಯೇ ಇರುತ್ತವೆ, ಗುಟ್ಟು ಅಲ್ಲಿಯೇ ರಟ್ಟಾಗುತ್ತದೆ. ‘ಕುಬೇರನಿಗೇನಿರಬೇಕು’ ಎಂಬ ಇಡೀ ವಾಕ್ಯವೇ ಹಾಗಿದೆ. ಇನ್ನು ‘ನದಿ’ ತಿರುಗಿ ‘ದಿನ’ವಾಗುತ್ತದೆ, ‘ಗಜ’ ‘ಜಗ’ವಾಗುತ್ತದೆ, ‘ನವ’ ‘ವನ’ವಾಗುತ್ತದೆ, ಕೇಳುವವರು ನಿಜವಾದ ಪದವೆಂದೇ ತಿಳಿಯಬಹುದು. ಇಂಥ ಪದಗಳನ್ನು ಹುಡುಕಿ ಪಟ್ಟಿಮಾಡುವುದು ಮಳೆಗಾಲದ ಸಂಜೆಗಳಿಗೆ ತಕ್ಕ ಪ್ರತ್ಯೇಕ ಆಟವೇ ಹೌದು.

ಅಕ್ಷರ ಬದಲಿಸುವ ಬಗೆ, ಬರೆಯುವವರಿಗೆ

ಸ್ವಲ್ಪ ದೊಡ್ಡ ಮಕ್ಕಳು ಚೀಟಿ ಬರೆಯಲು ಬಯಸಿದರೆ, ತುಂಡು ಸೇರಿಸುವ ಬದಲು ಅಕ್ಷರಗಳನ್ನೇ ಅದಲುಬದಲು ಮಾಡಬಹುದು. ಕಾಮಸೂತ್ರದಲ್ಲಿ ವಾತ್ಸ್ಯಾಯನನು ಹೇಳುವ 64 ಕಲೆಗಳಲ್ಲಿ ಮಾತನ್ನು ಮರೆಮಾಚುವ ‘ಮ್ಲೇಚ್ಛಿತವಿಕಲ್ಪ’ವೂ ಒಂದಾಗಿದೆ. ಕೇರಳದ ‘ಮೂಲಭದ್ರ’ ಎಂಬ ಗುಪ್ತಭಾಷೆಯಲ್ಲಿ ಅ–ಕ, ಖ–ಗ, ಚ–ಟ, ತ–ಪ, ನ–ಮ, ಯ–ಶ, ರ–ಷ, ಲ–ಸ, ವ–ಹ ಎಂಬ ಜೋಡಿಗಳು ಪರಸ್ಪರ ಸ್ಥಾನ ಬದಲಿಸುತ್ತವೆ. ಈ ಜೋಡಿಗಳನ್ನು ಕನ್ನಡಕ್ಕೆ ಹಾಕಿದರೆ ‘ಮರ’ ‘ನಷ’ ಆಗುತ್ತದೆ, ‘ವನ’ ‘ಹಮ’ ಆಗುತ್ತದೆ. ಇದು ಮಾತಿಗೆ ನಿಧಾನ, ಬರಹಕ್ಕೆ ಚೆನ್ನ. ಪಟ್ಟಿಯನ್ನು ಬಾಯಿಪಾಠ ಮಾಡದೆ ಯಾರೂ ಬಿಡಿಸಲಾರರು.

ನಿಮ್ಮದೇ ಭಾಷೆಯನ್ನು ಕಟ್ಟುವಾಗ

‘ಪ’ ಭಾಷೆಯನ್ನು ಪಕ್ಕದ ಮನೆಯ ಮಕ್ಕಳು ವಾರದೊಳಗೆ ಕಲಿತುಬಿಡುತ್ತಾರೆ, ಆಗ ಹೊಸದನ್ನು ಕಟ್ಟುವ ಆಸೆ ತಾನಾಗಿಯೇ ಹುಟ್ಟುತ್ತದೆ. ಸೇರಿಸುವ ಅಕ್ಷರ ಯಾವುದು, ಅದು ನಿಜವಾದ ತುಂಡಿನ ಮುಂದೆಯೋ ಹಿಂದೆಯೋ, ಸ್ವರ ಮರಳುತ್ತದೆಯೋ ಇಲ್ಲವೋ, ಒತ್ತಕ್ಷರವನ್ನು ಎಲ್ಲಿ ಸೀಳಬೇಕು ಎಂಬ ನಾಲ್ಕು ವಿಷಯಗಳನ್ನು ಆಡುವ ಎಲ್ಲರೂ ಕೂತು ಮಾತಾಡಿ ತೀರ್ಮಾನಿಸಬೇಕು. ಎರಡು ನಿಯಮಗಳನ್ನು ಹೆಣೆಯುವುದೂ ಸಾಧ್ಯ: ಮೊದಲು ತಿರುಗಿಸಿ, ಅನಂತರ ‘ಪ’ ಸೇರಿಸಿದರೆ ‘ಮೈಸೂರು’ ‘ರುಪುಸೂಪುಮೈಪೈ’ ಆಗುತ್ತದೆ. ಮೂರು ನಿಯಮಗಳನ್ನು ಹೆಣೆದರೆ ಆಡುವವರಿಗೇ ಅರ್ಥವಾಗುವುದಿಲ್ಲ, ಆ ಗೋಜಿಗೆ ಹೋಗಬಾರದು.

ಗುಂಪಿನಲ್ಲಿ ಕೂತಿರುವ ಒಂದು ಮಗುವಿಗೆ ಮಾತ್ರ ನಿಯಮವನ್ನು ಹೇಳಿಕೊಡದೆ, ಅದರ ಎದುರಿಗೇ ಅದರ ಬಗ್ಗೆ ಮಾತಾಡುವ ಪ್ರಸಂಗಗಳು ಬರುತ್ತವೆ. ದೊಡ್ಡವರು ಆಗ ಆಟವನ್ನು ನಿಲ್ಲಿಸಬೇಕಾಗಿಲ್ಲ. ಆ ಮಗುವನ್ನು ಬದಿಗೆ ಕರೆದು ನಿಯಮವನ್ನು ಕಿವಿಯಲ್ಲಿ ಹೇಳಿ, ತಾಳ ಎಣಿಸುವುದನ್ನು ತೋರಿಸಿಕೊಟ್ಟು ಕಳುಹಿಸಿದರೆ ಸಾಕು.

ಹೊಸ ಭಾಷೆ ಸಿದ್ಧವಾದ ಮೇಲೆ ಅದನ್ನು ಆರು ಪದಗಳಿಂದ ಪರೀಕ್ಷಿಸಬೇಕು: ಅಕ್ಕ, ಮಂಗ, ಬಸ್, ಮೈಸೂರು, ಕೃಷ್ಣ ಮತ್ತು ಉಪ್ಪು. ಸೇರಿಸುವ ಅಕ್ಷರ ಪಕಾರವಲ್ಲದಿದ್ದರೆ ‘ಉಪ್ಪು’ವಿನ ಬದಲು ಆ ಅಕ್ಷರವೇ ಒತ್ತಾಗಿ ಬರುವ ಇನ್ನೊಂದು ಪದವನ್ನು ಆರಿಸಿಕೊಳ್ಳಬೇಕು. ಒಂದು ಮಗು ಕೋಣೆಯ ಆ ಮೂಲೆಯಿಂದ ಈ ಆರನ್ನೂ ಹೊಸ ಭಾಷೆಯಲ್ಲಿ ಹೇಳಲಿ, ಇನ್ನೊಂದು ಮಗು ಈ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತು ಒಂದೊಂದನ್ನೂ ಕನ್ನಡದಲ್ಲಿ ಮರಳಿ ಹೇಳಲಿ. ಎಲ್ಲಿ ತಡೆಯುತ್ತದೆಯೋ ಅಲ್ಲಿ ನಿಯಮವನ್ನು ತಿದ್ದಿ, ಇಬ್ಬರೂ ಜಾಗ ಬದಲಿಸಿಕೊಂಡು ಮತ್ತೊಮ್ಮೆ ಹೇಳಬೇಕು.